ನಾನು ಗೆದ್ದ ಸಂದರ್ಶನ

ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಮಾನವಶಾಸ್ತ್ರ ಎಂ.ಎ.ಯಲ್ಲಿ ನನಗಿಂತ ಎರಡು ವರ್ಷ ಹಿರಿಯರು. ಓದು ಮುಗಿಸಿ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಸೇರಿದ್ದರು. ಎದುರಿನವರ ಮಾತು ಮುಗಿಯುವವರೆಗೆ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ. ಮುಗಿದ ಮೇಲೆ, "ನೀನ್ ಹೇಳೋದೂ ಸರಿನೇ ಕಣೋ" ಎನ್ನುತ್ತಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಅದು ಸೋಲೊಪ್ಪಿಕೊಂಡಂತೆ ಕೇಳಿಸುತ್ತಿತ್ತು.

ತಮ್ಮ ಪಾಳಿಯ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಬಗ್ಗೆಯೇ ಪಿಎಚ್.ಡಿ. ಮಾಡಬೇಕೆಂಬುದು ಅವರ ಆಸೆ. ಸೀಟು ಸಿಕ್ಕಿತ್ತು, ಫೆಲೋಶಿಪ್ ಬಂದರೆ ಮಾತ್ರ ಕೆಲಸ ಬಿಡಬಹುದಿತ್ತು. ಅದರ ಸಂದರ್ಶನಕ್ಕೆ ಮುಂಚಿನ ಭಾನುವಾರ ನನ್ನನ್ನು ಕರೆದು, "ಅಲ್ಲಿ ಕೇಳೋ ಹಂಗೇ ನನ್ನ ಪ್ರಶ್ನೆ ಕೇಳ್ಬುಡು" ಎಂದರು.

"ಅಕ್ಕ, ನೀವೇ ಆ ಬಸ್ಸಲ್ಲಿ ಕೂರೋರು. ನೀವು ಬರೆದದ್ದು ನಿಷ್ಪಕ್ಷಪಾತ ಅಂತ ಯಾಕೆ ನಂಬಬೇಕು?" ಎಂದೆ.

ತುಂಬ ಯೋಚಿಸಿ, "ನೀನ್ ಹೇಳೋದೂ ಸರಿನೇ ಕಣೋ" ಎಂದರು. ನಾನು ಗೆದ್ದೆ. ಕಾಫಿ ಕುಡಿದು ಹೊರಟೆ.

ನಿಜವಾದ ಸಂದರ್ಶನದಲ್ಲೂ ಆ ಪ್ರಶ್ನೆಯೇ ಬಂತಂತೆ. "ನೀವು ಹೇಳೋದೂ ಸರಿನೇ ಸರ್ ಅಂದ್ಬುಟ್ಟೆ ಕಣೋ" ಎಂದು, ಕಾರ್ಖಾನೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ನಗುತ್ತಲೇ ಹೇಳಿದರು. ಫೆಲೋಶಿಪ್ ಬೇರೆಯವರಿಗೆ ಹೋಗಿತ್ತು.

"ಅದಕ್ಕೆ ಏನನ್ಬೇಕಿತ್ತೋ?"

"ನೀವು ದಿನಾ ಅಲ್ಲೇ ಕೂರ್ತೀರಲ್ಲ ಅಕ್ಕ, ಅದಕ್ಕೇ ಆ ಹೆಂಗಸ್ರು ನಿಮ್ಮ ಮುಂದೆ ಬಾಯಿ ಬಿಡ್ತಾರೆ. ಹೊರಗಿನೋರು ಹತ್ತಿದ್ರೆ ಸುಮ್ನಾಗ್ಬುಡ್ತಾರೆ."

"ಇದು ಭಾನುವಾರನೇ ಗೊತ್ತಿತ್ತಾ ನಿಂಗೆ?"

ಚರ್ಚೆಗೆ ಎರಡೂ ಪಕ್ಷಗಳ ವಾದ ಸಿದ್ಧಮಾಡಿಕೊಂಡು ಹೋಗುವುದು ನಮ್ಮ ರೂಢಿ. ಎದುರಾಳಿಗೆ ಹೇಳಿಕೊಡುವ ರೂಢಿಯಿಲ್ಲ. ಅವರು ನನ್ನ ಎದುರಾಳಿಯಲ್ಲ ಎಂಬುದು ಅಂದು ನನಗೆ ಹೊಳೆಯಲೇ ಇಲ್ಲ.

"ಗೊತ್ತಿತ್ತು" ಎಂದೆ.

"ಒಂದ್ಮಾತು ಹೇಳ್ಬಾರ್ದಿತ್ತೇನೋ" ಎಂದವರು, ಎರಡನೇ ಪಾಳಿಯ ಬಸ್ಸು ಬಂತೆಂದು ಓಡಿದರು.