ಸಿಹಿ ಕೋಳಿಯ ಮೊದಲ ತುಂಡು

ಗಂಡ ಅಡುಗೆಮನೆಗೆ ಬಂದು, "ನೀನು ಸ್ವಲ್ಪ ಆಚೆ ಕೂತುಕೋ, ಇವತ್ತು ನಾನು ಮಾಡ್ತೇನೆ" ಎಂದರೆ ಬೇರೆ ಹೆಂಗಸರು ಖುಷಿಪಡುತ್ತಾರೇನೋ. ನನಗೆ ಬಂದದ್ದು ಅನುಮಾನ. ನಾನು ಹುಟ್ಟಿದ್ದೇ ಹಾಗೆ. ಹಾಲಿನವನು ಬೇಗ ಬಂದರೆ ನೀರು ಸೇರಿಸಿದ್ದಾನೆ ಎನ್ನುತ್ತಿದ್ದೆ, ತಡವಾಗಿ ಬಂದರೂ ಅದನ್ನೇ ಎನ್ನುತ್ತಿದ್ದೆ. ಅಂಥವಳ ಕಣ್ಣೆದುರಿಗೇ ಅವರು ಟ್ರಂಕಿನಿಂದ ಒಂದು ಕಪ್ಪು ಬಾಟಲಿ ತೆಗೆದು ಒಲೆಯ ಪಕ್ಕದಲ್ಲಿಟ್ಟರು. ಬಾಟಲಿಯ ಮೇಲಿನ ಅಕ್ಷರಗಳಲ್ಲಿ ಒಂದನ್ನಾದರೂ ಓದುವಂತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಅತ್ತಾವರದಲ್ಲಿ ಬಾಡಿಗೆ ಮನೆ, ಜೊತೆಗೆ ನನ್ನ ಅಮ್ಮ. ಗಂಡ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದರು. ಆ ಸಲ ಹದಿನಾಲ್ಕು ತಿಂಗಳ ನಂತರ ಬಂದಿದ್ದರು, ಬಡಕಲಾಗಿ. ಮನೆಗೆ ಅಳಿಯ ಬಂದ ದಿನ ಕೋಳಿ ಕೊಯ್ಯದಿದ್ದರೆ ನಮ್ಮವರಲ್ಲಿ ಅದು ಅವಮಾನ. ಅಮ್ಮ ಬೆಳಿಗ್ಗೆಯೇ ಊರ ಕೋಳಿ ತರಿಸಿ, ಮೆಣಸು ಹುರಿದು, ತೆಂಗಿನಕಾಯಿ ಅರೆದು, ಕೋರಿ ರೊಟ್ಟಿ ಮಾಡಿದ್ದರು. ಹಿಂದೆಲ್ಲ ಆರು ರೊಟ್ಟಿ ಮುರಿದು ಹಾಕಿಕೊಂಡು ಮಣಿಕಟ್ಟಿನವರೆಗೆ ನೆಕ್ಕುತ್ತಿದ್ದ ಮನುಷ್ಯ, ಒಂದು ಚೂರು ರೊಟ್ಟಿಯ ತುದಿಯನ್ನು ಸಾರಿಗೆ ಮುಟ್ಟಿಸಿ, ನಾಲಿಗೆಗಿಟ್ಟುಕೊಂಡು, "ರೈಲಿನಲ್ಲಿ ತಿಂದದ್ದೇ ಹೊಟ್ಟೆಯಲ್ಲಿ ಉಂಟು" ಎಂದು ಕೈ ತೊಳೆದರು. ಅಮ್ಮನ ಮುಖ ಸಣ್ಣದಾಯಿತು.

ಮೂರನೆಯ ದಿನ ಅವರೇ ಕೋಳಿ ತರಲು ಹೊರಟರು. ನಾನೂ ಚೀಲ ಹಿಡಿದು ಹಿಂದೆಯೇ ಹೋದೆ. ಅಂಗಡಿಯ ಬ್ಯಾರಿ ನಮಗೆ ಹಳಬರು. ಬರಿಯ ತೊಡೆ ಸಾಕು, ಮೂಳೆ ತೆಗೆಯಬೇಕು, ಆದರೆ ಚರ್ಮ ಇರಲಿ ಎಂದು ಇವರು ಹೇಳಿದಾಗ ಬ್ಯಾರಿ ಕತ್ತಿ ಕೆಳಗಿಟ್ಟರು.

"ಚರ್ಮ ಎಂತಕ್ಕೆ ಮಾರಾಯ್ರೆ? ನಾಯಿಗಾ?"

"ಅಲ್ಲ, ನನಗೇ."

ಬ್ಯಾರಿ ನನ್ನ ಮುಖ ನೋಡಿದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಮನೆಯಲ್ಲಿ ಕಾವಲಿಯ ಜಗಳ. "ಅದು ದೋಸೆಯದ್ದು. ಅದರಲ್ಲಿ ಕೋಳಿ ಇಡ್ಲಿಕ್ಕೆ ನಾನು ಬಿಡುವುದಿಲ್ಲ" ಎಂದು ಅಮ್ಮ ಅದನ್ನು ಎತ್ತಿಕೊಂಡು ಹೋದರು. ಇವರು ಅಟ್ಟದಿಂದ ಒಂದು ಹಳೆಯ ಬಾಣಲೆ ಇಳಿಸಿ ಉಜ್ಜಿದರು. ಎಣ್ಣೆ ಹಾಕಲಿಲ್ಲ. ಚರ್ಮದ ಮಗ್ಗುಲನ್ನು ಕೆಳಗೆ ಮಾಡಿ ತೊಡೆಗಳನ್ನು ಇಟ್ಟು, ಸೌಟಿನಿಂದ ಒತ್ತಿ ಹಿಡಿದರು. ಚರ್ಮದ ಕೊಬ್ಬೇ ಕರಗಿ ಚಟಪಟ ಎಂದಿತು. ಅದು ಕೆಂಪಾದ ಮೇಲೆ ಮಗುಚಿ, ಕೊಬ್ಬನ್ನು ಬಗ್ಗಿಸಿ, ಆ ಬಾಟಲಿಯ ಕಪ್ಪು ರಸ, ಸಕ್ಕರೆ, ಶುಂಠಿ ಹಿಂಡಿದ ನೀರು ಸುರಿದರು. ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಸಣ್ಣವು. ರಸ ಪಾಕವಾಗುತ್ತಾ ಬಂದ ಹಾಗೆ ಚಮಚದಲ್ಲಿ ಎತ್ತಿ ಎತ್ತಿ ಮಾಂಸದ ಮೇಲೆ ಹೊಯ್ದರು. ಕೋಳಿ ಆಗಷ್ಟೇ ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ಹೊಳೆಯಿತು. ಮೆಣಸಿಲ್ಲ, ಕಾಯಿಯಿಲ್ಲ, ಅರೆಯುವ ಕಲ್ಲಿನ ಹತ್ತಿರ ಹೋಗುವ ಕೆಲಸವೇ ಇಲ್ಲ.

ಚಹಾಕ್ಕೆ ಎಷ್ಟು ಸಕ್ಕರೆ ಎಂದು ಗೊತ್ತಿಲ್ಲದ ಮನುಷ್ಯನ ಕೈ ಎಲ್ಲಿಯೂ ತಡವರಿಸಲಿಲ್ಲ.

"ಯಾರು ಕಲಿಸಿದ್ದು?" ಎಂದೆ.

"ಅಲ್ಲಿ ಒಬ್ಬರು."

"ಗಂಡಸಾ, ಹೆಂಗಸಾ?"

ಅವರು ನಕ್ಕು ಬಡಿಸಲು ಹೋದರು. ತಿಂದೆ. ರುಚಿಯಾಗಿತ್ತು. ಕುಚ್ಚಲಕ್ಕಿ ಅನ್ನದ ಜೊತೆ ಆ ಸಿಹಿ, ಆ ಉಪ್ಪು ಚೆನ್ನಾಗಿಯೇ ಹೊಂದುತ್ತಿತ್ತು. ಅದರಿಂದಲೇ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಮರುದಿನ ಅವರು ಸ್ನಾನಕ್ಕೆ ಹೋದಾಗ ಟ್ರಂಕು ತೆರೆದೆ. ಅಂಗಿಗಳ ಅಡಿಯಲ್ಲಿ ಒಂದು ಹಾಳೆ ಸಿಕ್ಕಿತು. ಪೆನ್ಸಿಲಿನಲ್ಲಿ ಕೋಳಿಯ ತೊಡೆ, ಚೂರಿ ಎಲ್ಲಿ ಹಾಕಬೇಕೆಂಬ ಗೆರೆ, ಬಾಣಲೆ, ಚಮಚಗಳು, ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ, ಎಲ್ಲವನ್ನೂ ಯಾರೋ ಅಂದವಾಗಿ ಬಿಡಿಸಿದ್ದರು. ಮೂಲೆಯಲ್ಲಿ ಒಂದು ಹೂವು. ಅಡುಗೆ ಹೇಳಿಕೊಡುವವರು ಹೂವು ಯಾಕೆ ಬಿಡಿಸಬೇಕು? ನಾನು ಎತ್ತಿಟ್ಟಿದ್ದ ಅವರ ಪತ್ರಗಳ ಲಕೋಟೆಗಳನ್ನು ತಂದು ಮಂಚದ ಮೇಲೆ ಹರಡಿದೆ. ಕೊನೆಯ ಐದಕ್ಕೂ ಜಪಾನಿನ ಒಂದೇ ಬಂದರಿನ ಮುದ್ರೆ. ಹಡಗು ಒಂದು ಕಡೆ ನಾಲ್ಕು ದಿನ ನಿಂತರೆ ಹೆಚ್ಚು ಎಂದು ಹೇಳಿದವರು ಅವರೇ. ಹಾಗಾದರೆ ಅಷ್ಟು ದಿನ ಅಲ್ಲಿ ಯಾರ ಮನೆಯಲ್ಲಿದ್ದರು?

ಅಮ್ಮನಿಗೆ ತೋರಿಸಿದೆ. ಅಮ್ಮ ಹಾಳೆಯನ್ನು ಮುಟ್ಟಲಿಲ್ಲ.

"ಕೈಮದ್ದು" ಎಂದರು. "ಯಾವಳೋ ಊಟದಲ್ಲಿ ಹಾಕಿ ತಿನ್ನಿಸಿದ್ದಾಳೆ. ಮದ್ದು ಹೊಟ್ಟೆಯಲ್ಲಿ ಅಂಟಿಕೊಂಡರೆ ಮನೆಯ ಊಟ ರುಚಿಸುವುದಿಲ್ಲ, ಮೈ ಇಳಿಯುತ್ತದೆ. ಅವಳು ಕೊಟ್ಟದ್ದೇ ಬೇಕು ಅನಿಸುತ್ತದೆ. ನೋಡಲಿಲ್ವಾ ನೀನು?"

ನೋಡಿದ್ದೆ. ಆಗಾಗ ಹೊಟ್ಟೆ ಒತ್ತಿ ಹಿಡಿದು ಜಗಲಿಯ ಕಂಬಕ್ಕೆ ಒರಗುವುದನ್ನೂ ನೋಡಿದ್ದೆ. ಗಂಡಸರನ್ನು ವಶಮಾಡಿಕೊಳ್ಳಲು ಹೀಗೆ ಮದ್ದು ಹಾಕುತ್ತಾರೆ ಎಂಬುದನ್ನು ಚಿಕ್ಕಂದಿನಿಂದ ಕೇಳಿಯೇ ಬೆಳೆದವಳು ನಾನು. ಎಸ್ಸೆಸ್ಸೆಲ್ಸಿ ಪಾಸಾದವಳು, ದಿನಾ ಪೇಪರ್ ಓದುವವಳು. ಆದರೂ ಅಮ್ಮ ಹೇಳಿದ ಕೂಡಲೇ ನನಗೆ ಎಲ್ಲವೂ ಸರಿಹೊಂದಿದಂತೆ ಕಂಡಿತು.

ತೊಕ್ಕೊಟ್ಟಿನಿಂದ ಒಳಗೆ, ಕೈಮದ್ದು ಕಕ್ಕಿಸುವ ಒಬ್ಬ ಮದ್ದಿನವಳಿದ್ದಳು. ಬಸ್ಸು ಹಿಡಿದು ಹೋದೆ. ಅವಳು ಕೇಳಿದ ಎಲ್ಲ ಪ್ರಶ್ನೆಗಳಿಗೂ ನನ್ನ ಉತ್ತರ ಹೌದು ಎಂದೇ ಇತ್ತು. ಪೇಪರಿನಲ್ಲಿ ಕಟ್ಟಿದ ಒಂದು ಪುಡಿ ಕೊಟ್ಟಳು.

"ಗೊತ್ತಾಗದ ಹಾಗೆ ಕೊಡಿ ಅಕ್ಕ. ವಾಂತಿ ಆಗ್ತದೆ. ಅದರಲ್ಲಿ ಕಪ್ಪಾಗಿ ಬಂದು ಬೀಳ್ತದೆ. ಹೆದರಬೇಡಿ."

ಹಿಂದೆ ಬರುವಾಗ ನೇತ್ರಾವತಿ ಸೇತುವೆಯ ಮೇಲೆ ಪೊಟ್ಟಣವನ್ನು ಕಿಟಕಿಯಿಂದ ಹೊರಗೆ ಬಿಸಾಡೋಣ ಎನಿಸಿತು. ಆ ಹೂವು ನೆನಪಾಯಿತು, ಮುಷ್ಟಿ ಬಿಗಿಯಾಯಿತು. ಬಸ್ಸಿಳಿದು, ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿದ್ದ ಆಸ್ಪತ್ರೆಯ ಗೇಟಿನ ಮುಂದಿನಿಂದಲೇ ನಡೆದು ಬಂದೆ. ಅತ್ತ ತಿರುಗಿಯೂ ನೋಡಲಿಲ್ಲ.

ಭಾನುವಾರ ಮಧ್ಯಾಹ್ನ, "ಇವತ್ತು ನಿಮ್ಮ ಜಪಾನಿನ ಕೋಳಿ ನಾನು ಮಾಡ್ತೇನೆ" ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಬಾಗಿಲಿನಲ್ಲೇ ಮಣೆ ಹಾಕಿ ಕೂತರು. "ಗುಳ್ಳೆ ಸಣ್ಣದಾಗ್ಲಿ, ಅವಸರ ಮಾಡಬೇಡ" ಎಂದು ಹೇಳಿಕೊಟ್ಟರು. ಅವರು ಕೈ ತೊಳೆಯಲು ಎದ್ದಾಗ ಪುಡಿ ಸುರಿದೆ. ಕಪ್ಪು ರಸದಲ್ಲಿ ಅದು ಕಾಣಲೇ ಇಲ್ಲ. ಸಿಹಿಯಲ್ಲಿ ಅದರ ಕಹಿಯೂ ಗೊತ್ತಾಗಲಿಲ್ಲ ಎಂದು ಕಾಣುತ್ತದೆ.

"ನನ್ನದಕ್ಕಿಂತ ಒಳ್ಳೆದಾಗಿದೆ" ಎಂದು ಇನ್ನೊಂದು ತುಂಡು ಹಾಕಿಸಿಕೊಂಡರು.

ಅರ್ಧ ಗಂಟೆಯೊಳಗೆ ವಾಂತಿ ಶುರುವಾಯಿತು. ಅಮ್ಮ ಬೋಗುಣಿ ಹಿಡಿದು ಕಾದೇ ಇದ್ದರು. ಕಾಫಿಯ ಚರಟದ ಹಾಗೆ ಕಪ್ಪಗೆ ಏನೋ ಬಂತು. ಅಮ್ಮ ಬಗ್ಗಿ ನೋಡಿ, "ಬಂತು, ನೋಡು ಬಂತು!" ಎಂದರು. ಆ ಕ್ಷಣ ನನಗೂ ಸಂತೋಷವಾಯಿತು. ಈ ಮಾತನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೆ ಸುಳ್ಳು ಬರೆಯಲಾರೆ. ಗೆದ್ದೆ ಎಂದುಕೊಂಡೆ.

ಎರಡನೆಯ ಸಲ ಬಂದದ್ದು ಕೆಂಪು ರಕ್ತ.

ರಿಕ್ಷಾದವನು ಎರಡು ರಸ್ತೆ ದಾಟಲು ಎಷ್ಟು ಹೊತ್ತು ತೆಗೆದುಕೊಂಡನೋ ನನಗೆ ತಿಳಿಯದು. ಅವರ ತಲೆ ನನ್ನ ಮಡಿಲಿನಲ್ಲಿತ್ತು. ಡಾಕ್ಟರರು ನೋಡಿದ ಕೂಡಲೇ ರಕ್ತ ತರಿಸಲು ಹೇಳಿದರು.

"ಇವರಿಗೆ ಹೊಟ್ಟೆಯಲ್ಲಿ ಅಲ್ಸರ್ ಉಂಟು. ನಿಮಗೆ ಗೊತ್ತಿರಲಿಲ್ವಾ? ಇವತ್ತು ಎಂತ ತಿಂದದ್ದು?"

"ಕೋಳಿ" ಎಂದೆ. ಅಮ್ಮ ನನ್ನ ಕೈ ಅದುಮಿದರು. ಡಾಕ್ಟರರು ಬಾಗಿಲವರೆಗೆ ಹೋಗಿದ್ದರು. ಓಡಿಹೋಗಿ ಎಲ್ಲ ಹೇಳಿ, ಸೆರಗಿನ ಗಂಟಿನಲ್ಲಿದ್ದ ಪೊಟ್ಟಣದ ಕಾಗದವನ್ನು ಅವರ ಕೈಗಿಟ್ಟೆ. ಅವರು ಅದನ್ನು ಮೂಸಿ, ಹಾಗೆಯೇ ಹಿಡಿದುಕೊಂಡು ಒಳಗೆ ಓಡಿದರು.

ಇವರು ಬದುಕಿ ಉಳಿದರು. ನಾಲ್ಕನೆಯ ದಿನ ಮಾತನಾಡುವ ತ್ರಾಣ ಬಂದಾಗ ಅವರೇ ಹೇಳಿದರು. ಹಡಗಿನಲ್ಲಿ ಹೀಗೆಯೇ ರಕ್ತ ಕಾರಿದ್ದರಂತೆ. ಆ ಬಂದರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದ್ದರು. ಏಳು ವಾರ. ಪಕ್ಕದ ಮಂಚದಲ್ಲಿ ಒಬ್ಬ ಮುದುಕ, ಅವನಿಗೂ ಅದೇ ಕಾಯಿಲೆ.

"ಊರಿಗೆ ಹೋದರೆ ಖಾರ ಇಲ್ಲದೆ ಎಂತ ತಿನ್ನುವುದು ಅಂತ ಕೈಸನ್ನೆಯಲ್ಲಿ ಕೇಳಿದೆ. ಪಾಪ, ಭಾಷೆ ಬರುವುದಿಲ್ಲ, ಚಿತ್ರ ಬಿಡಿಸಿ ಕೊಟ್ಟ. ನಿನಗೆ ಹೇಳಿದ್ದರೆ ಮತ್ತೆ ಹಡಗು ಹತ್ತಲಿಕ್ಕೆ ಬಿಡ್ತಿದ್ದೆಯಾ? ಅದಕ್ಕೆ ಹೇಳಲಿಲ್ಲ."

"ಆ ಹೂವು?"

"ಯಾವ ಹೂವು?" ಎಂದರು. ಅದನ್ನು ಅವರು ಗಮನಿಸಿಯೇ ಇರಲಿಲ್ಲ.

ನನ್ನ ಗಂಡನಿಗೆ ಕದ್ದು ಕೈಮದ್ದು ತಿನ್ನಿಸಿದ ಹೆಂಗಸನ್ನು ನಾನು ಸಮುದ್ರದಾಚೆ ಹುಡುಕುತ್ತಿದ್ದೆ. ಅವಳು ನಮ್ಮ ಅಡುಗೆಮನೆಯಲ್ಲೇ, ನನ್ನ ಸೀರೆ ಉಟ್ಟುಕೊಂಡೇ ಇದ್ದಳು. ಅದೇ ದಿನ ಪುಡಿಯ ವಿಷಯ ಹೇಳಿ ಅವರ ಕಾಲು ಹಿಡಿದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಗೋಡೆಯ ಕಡೆ ತಿರುಗಿ ಮಲಗಿದರು.

ಮತ್ತೆ ಅವರು ಹಡಗು ಹತ್ತಲಿಲ್ಲ. ಕೊಟ್ಟಾರದಲ್ಲಿ ಒಂದು ವರ್ಕ್‌ಶಾಪಿಗೆ ಸೇರಿದರು. ಆ ಕಪ್ಪು ರಸ, ಸೋಯಾ ಸಾಸ್, ಈಗ ಬೀದಿಯ ಅಂಗಡಿಯಲ್ಲೇ ಸಿಗುತ್ತದೆ, ಆ ಕೋಳಿಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಮಾಡಿದ್ದೇನೆ. ಪ್ರತಿ ಸಲವೂ ಅವರು ಮೊದಲ ತುಂಡನ್ನು ತೆಗೆದು ನನ್ನ ತಟ್ಟೆಗೆ ಹಾಕುತ್ತಾರೆ. "ಮೊದಲು ನೀನು" ಎನ್ನುತ್ತಾರೆ. ಬಂದ ನೆಂಟರು, ಈ ವಯಸ್ಸಿನಲ್ಲೂ ಹೆಂಡತಿಯ ಮೇಲೆ ಎಂಥ ಪ್ರೀತಿ ಎಂದು ಹೇಳಿಕೊಳ್ಳುತ್ತಾರೆ. ತಮಾಷೆಗೆ ಎಂದು ಅವರು ನನಗೆ ಹೇಳಿದ್ದಾರೆ. ಆದರೆ ನಾನು ನುಂಗುವವರೆಗೆ ಅವರು ತಮ್ಮ ತಟ್ಟೆ ಮುಟ್ಟುವುದಿಲ್ಲ.