ಮಡಿವಾಳೆಪ್ಪನ ಕಲ್ಲು

ಸಂಶಿಯ ಹತ್ತಿ ಅಂಗಡಿಯಲ್ಲಿ ತೂಕ ಮಾಡುವ ದಾವೂದಸಾಬನ ಮೇಲೆ ಯರಗುಪ್ಪಿಯ ಮಡಿವಾಳೆಪ್ಪನಿಗೆ ಇವತ್ತಿಗೂ ಸಿಟ್ಟು. ಹತ್ತಿ ಮಾರಲು ಹೋದವನು ದಣಿವಾಯಿತೆಂದು ತೂಕದ ಯಂತ್ರದ ಮೇಲೆಯೇ ಕೂತುಬಿಟ್ಟಿದ್ದ. ದಾವೂದಸಾಬ ಅಂಕಿ ನೋಡಿ, ಹತ್ತು ಮಂದಿಗೆ ಕೇಳುವಂತೆ ಕೂಗಿದ: “ಒಂದು ಕ್ವಿಂಟಲ್ ನಲವತ್ತೊಂದು ಕಿಲೋ! ಚೀಲದ ತೂಕ ಕಳೀಲೇನ್ರಿ ಸಾವಕಾರ್ರ?”

ಹಮಾಲರು ಬಿದ್ದು ಬಿದ್ದು ನಕ್ಕರು. ಆ ಯಂತ್ರವೇ ಸುಳ್ಳು ಎಂದು ಮಡಿವಾಳೆಪ್ಪ ಈಗಲೂ ವಾದಿಸುತ್ತಾನೆ. ಅದೇ ಯಂತ್ರ ತೂಗಿದ ತನ್ನ ಹತ್ತಿಯ ಬಗ್ಗೆ ಮಾತ್ರ ತಕರಾರಿಲ್ಲ.

ಸಕ್ಕರೆ ಕಾಯಿಲೆ ಇದೆ, ಮೊಣಕಾಲು ಸವೆದಿವೆ ಎಂದು ಡಾಕ್ಟರು ಐದು ವರ್ಷ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳದವನು, ಈ ಒಂದು ನಗೆಗೆ ಹುಬ್ಬಳ್ಳಿಗೆ ಹೋಗಿ ಹೊಟ್ಟೆ ಕೊಯ್ಯಿಸಿಕೊಂಡ. ಮುಕ್ಕಾಲು ಜಠರ ತೆಗೆದು, ಒಂದು ಬಾಳೆಕಾಯಿಯಷ್ಟು ಉಳಿಸಿ ಹೊಲಿದರು. “ಹದಿನೈದು ದಿನ ನೀರಿನಂಥದ್ದು ಮಾತ್ರ. ಗಟ್ಟಿ ತುತ್ತು ಇಳಿದರೆ ಹೊಲಿಗೆ ಬಿಚ್ಚುತ್ತದೆ. ಆಮೇಲೆ ಜೀವದ ಮಾತು” ಎಂದರು ಡಾಕ್ಟರು. ಹೇಳಿದ್ದು ಹೆಂಡತಿ ರೇವವ್ವನಿಗೆ. ಮಡಿವಾಳೆಪ್ಪ ಆಗಲೇ ಮಿರ್ಚಿ ಭಜಿ ಯಾವಾಗ ತಿನ್ನಬಹುದು ಎಂದು ನರ್ಸಮ್ಮನನ್ನು ವಿಚಾರಿಸುತ್ತಿದ್ದ.

ಸಣ್ಣಗಾಗಲು ಹೊಟ್ಟೆ ಕೊಯ್ಯಿಸಿಕೊಂಡೆ ಎಂದರೆ ಊರು ನಗುತ್ತದೆ. ಅದಕ್ಕೇ, “ಕಿಡ್ನಿ ಕಲ್ಲು ತಗಸೀನಿ ಅನ್ನು. ಬ್ಯಾರೆ ಬಾಯಿ ಬಿಟ್ಟಿ ಅಂದ್ರ ನೋಡು!” ಎಂದು ಹೆಂಡತಿಯ ಬಾಯಿಗೂ ಹೊಲಿಗೆ ಹಾಕಿಸಿ ಮನೆಗೆ ಬಂದ.

ಪಡಸಾಲೆಯಲ್ಲಿ ಹಾಸಿಗೆ. ಒಂಬತ್ತು ರೊಟ್ಟಿ ಉಣ್ಣುತ್ತಿದ್ದವನು ಕಾಲು ತಾಸಿಗೊಮ್ಮೆ ಕೆಮ್ಮಿನ ಔಷಧದ ಮುಚ್ಚಳದಷ್ಟು ಬೇಳೆ ಕಟ್ಟು ಕುಡಿಯಬೇಕು. ಮಾತಾಡಿಸಲು ಬಂದವರು ಬಾಳೆಹಣ್ಣು, ಬ್ರೆಡ್ಡು ತಂದು ಅವನೆದುರೇ ಕೂತು ಉಪ್ಪಿಟ್ಟು ತಿಂದು ಚಹಾ ಕುಡಿದು ಹೋಗುವರು. ಬಾಜೂಮನೆಯ ಹುಲಿಗೆಪ್ಪನಂತೂ ದಿನಾ ಬರುವವನು.

“ಕಲ್ಲು ಎಷ್ಟ ದೊಡ್ಡದಿತ್ತೋ?”

ಮಡಿವಾಳೆಪ್ಪನ ಕಲ್ಲು ಮೊದಲ ದಿನ ಕಡಲೆಕಾಳಿನಷ್ಟಿತ್ತು. ನಾಲ್ಕನೆಯ ದಿನ ಅಡಿಕೆಯಷ್ಟಾಯಿತು. ವಾರ ತುಂಬುವ ಹೊತ್ತಿಗೆ ನಿಂಬೆಹಣ್ಣಿಗೆ ಬಂತು. ಮನುಷ್ಯ ಕರಗುತ್ತಿದ್ದ, ಕಲ್ಲು ಬೆಳೆಯುತ್ತಿತ್ತು.

ಒಂಬತ್ತನೆಯ ದಿನ ದೇವಿಕೊಪ್ಪದಿಂದ ಅಕ್ಕ ಮಲ್ಲಮ್ಮ ಬಂದಳು. ಕೈಯಲ್ಲಿ ಡಬ್ಬಿ, ಡಬ್ಬಿ ತುಂಬ ಬಾಣಂತಿಗೆ ಕಟ್ಟುವ ಅಂಟಿನ ಉಂಡೆ.

“ಗಲ್ಲ ಬತ್ಯಾವಲ್ಲೋ ತಮ್ಮಾ! ರೇವವ್ವಾ, ಏನ್ ಹಾಕ್ತೀ ಬೇ ಇವಗ?”

“ಬ್ಯಾಳಿ ಕಟ್ಟು ಅಕ್ಕಾರ. ತಿಳಿ ಮಜ್ಜಿಗಿ.”

“ಕಟ್ಟು! ಕರುವಿಗಾದ್ರೂ ಒಂದು ಹಿಡಿ ಹಿಂಡಿ ಹಾಕ್ತಾರ!”

“ಡಾಕ್ಟರ್ ಬ್ಯಾಡಂದಾರ್ರಿ...”

“ಕಲ್ಲು ತಗಸಿದವ್ರಿಗೆ ಉಂಡಿ ಬ್ಯಾಡನ್ನೂ ಡಾಕ್ಟರ ಯಾವನ ಬೇ? ನಮ್ಮ ಮನಿಯವ್ರು ಮೂರನೇ ದಿನಾನ ಹೋಳಿಗಿ ಉಂಡ್ರು!”

“ಖರೇ ಐತ್ರಿ” ಎಂದ ಹುಲಿಗೆಪ್ಪ, ಬಾಯಿತುಂಬ ಉಪ್ಪಿಟ್ಟು ಇಟ್ಟುಕೊಂಡು.

ಮಲ್ಲಮ್ಮ ಉಂಡೆ ಮುರಿದು ತಮ್ಮನ ತುಟಿಗೆ ಹಿಡಿದಳು. “ಅವ್ವ ಸತ್ತ ಮ್ಯಾಲೆ ನಿನಗ ಉಣಿಸಿದಾಕಿ ನಾನು. ಬಾಯಿ ತಗಿ.”

ಒಂದು ಖರೇ ಮಾತು ಆಡಿದ್ದರೆ ಸಾಕಿತ್ತು. ಆದರೆ ಪಡಸಾಲೆಯಲ್ಲಿ ಐದು ಮಂದಿ ಇದ್ದರು. ತುಪ್ಪದ ವಾಸನೆಯೂ ಇತ್ತು. ಮಡಿವಾಳೆಪ್ಪ ಬಾಯಿ ತೆರೆದ, ಖರೇ ಮಾತಿಗಲ್ಲ.

ಇಪ್ಪತ್ತಾರು ವರ್ಷ ಈ ಅತ್ತಿಗೆಯ ಮುಂದೆ ತಲೆ ಎತ್ತಿ ಮಾತಾಡದ ರೇವವ್ವ ಚಹಾದ ತಟ್ಟೆ ಕೆಳಗಿಟ್ಟಳು. ಮಣ್ಣು ತಿಂದ ಕರುವಿಗೆ ಮಾಡುವಂತೆ ಗಂಡನ ಗಲ್ಲ ಒತ್ತಿ ಹಿಡಿದು, ಬಾಯಿಗೆ ಎರಡು ಬೆರಳು ತುರುಕಿದಳು. ಅವನು ಕಚ್ಚಿದ. ಅವಳು ಬಿಡಲಿಲ್ಲ. ಉಂಡೆಯೆಲ್ಲ ಹೊರಗೆ ಬಂದ ಮೇಲೆಯೇ, ರಕ್ತ ಹತ್ತಿದ ಬೆರಳು ತೆಗೆದಳು.

“ಕಲ್ಲಲ್ಲ ಅಕ್ಕಾರ! ಹೊಟ್ಟಿ ಕೊಯ್ದು ಸಣ್ಣ ಮಾಡ್ಯಾರ! ಇದು ಇಳದ್ರ ಇವ್ರ ಹೆಣಾ ಹೊರಬೇಕಾಗ್ತೈತಿ!”

ಮಲ್ಲಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಹುಲಿಗೆಪ್ಪ ಉಪ್ಪಿಟ್ಟು ನುಂಗಿ ಕೇಳಿದ: “ಹಂಗಾರ ಆ ನಿಂಬಿಹಣ್ಣು?”

“ಎಲ್ಲಾರ ಮುಂದ ನನ್ನ ಮಾನಾ ಕಳದಿ!” ಎಂದು ಮಡಿವಾಳೆಪ್ಪ ಹಾಸಿಗೆಯಿಂದಲೇ ಗುಡುಗಿದ. ಊರು ಒಂದು ವಾರ ನಕ್ಕು ಸುಮ್ಮನಾಯಿತು. ಅವನು ಮಾತ್ರ ಹೆಂಡತಿಯ ಜೊತೆ ತಿಂಗಳು ಮಾತು ಬಿಟ್ಟ. ಮಜ್ಜಿಗೆ ಬೇಕಾದರೆ ಲೋಟ ನೆಲಕ್ಕೆ ಕುಟ್ಟುವನು. ಅವಳು ಬ್ಯಾಂಡೇಜು ಸುತ್ತಿದ ಕೈಯಲ್ಲೇ ತಂದು ಕೊಡುವಳು.

ತಿಂಗಳ ಮೇಲೆ ತಪಾಸಣೆಗೆಂದು ಇಬ್ಬರೂ ಹುಬ್ಬಳ್ಳಿಗೆ ಹೋದರು. ಆಸ್ಪತ್ರೆಯ ಬೆಂಚಿನ ಮೇಲೆ ಶಗುಫ್ತಾ ಎಂಬ ಹೆಂಗಸು ಅಳುತ್ತ ಕೂತಿದ್ದಳು. ಅವಳ ಗಂಡನಿಗೂ ಅದೇ ವಾರ ಇದೇ ಆಪರೇಷನ್ ಆಗಿತ್ತಂತೆ. ಹತ್ತನೆಯ ದಿನ ಕದ್ದು ಅರ್ಧ ಚಪಾತಿ ತಿಂದನಂತೆ. ಆಮೇಲೆ ಎರಡು ಸಲ ಹೊಟ್ಟೆ ತೆರೆದರೂ ಇನ್ನೂ ಕಣ್ಣು ಬಿಟ್ಟಿಲ್ಲವಂತೆ.

ಮಡಿವಾಳೆಪ್ಪ ರೇವವ್ವನ ಬೆರಳಿನ ಮೇಲಿದ್ದ ಹಲ್ಲಿನ ಗುರುತು ನೋಡಿದ. ಒಳಗೆ ಡಾಕ್ಟರು ಹೊಗಳಿದರು: “ಭಾಳ ಗಟ್ಟಿ ಮನಸ್ಸು ನಿಮ್ದು.”

“ಹೌದ್ರಿ. ಮನಸ್ಸು ಗಟ್ಟಿ ಬೇಕ್ರಿ” ಎಂದ, ರೇವವ್ವನ ಕಡೆ ನೋಡದೆ.

ತಿರುಗಿ ಬರುವಾಗ ಬಸ್ಸಿನ ಒಂದೇ ಸೀಟಿನಲ್ಲಿ ಇಬ್ಬರೂ ಹಿಡಿಸಿದರು. ಊರು ಹತ್ತಿರ ಬಂದಾಗ ಅವನು ಗಂಟಲು ಸರಿಮಾಡಿಕೊಂಡ.

“ರೇವವ್ವಾ.”

“ಏನ್ರಿ?”

ಎರಡು ಸಲ ಬಾಯಿ ತೆರೆದು ಮುಚ್ಚಿದ. “ಕಿಟಕಿ ಹಾಕು. ಧೂಳು ಬರ್ತೈತಿ.”

ಅವಳು ಕಿಟಕಿ ಹಾಕಿದಳು. ಇದಾಗಿ ಎಂಟು ತಿಂಗಳಾಯಿತು. ನೀನು ಉಳಿಸಿದಿ ಎಂಬ ಆ ಒಂದು ಮಾತನ್ನು ಅವಳು ಕೇಳಿಲ್ಲ, ಅವನು ಆಡಿಲ್ಲ.