ಒಂದು ಸಲ ಬಾಜು, ಎರಡನೇ ಸಲ ಅಡ್ಡ

ಕಳೆದ ವಾರ ಕುಮಟಾ ಬಸ್ ನಿಲ್ದಾಣದ ಎದುರು ಹಳೆಯ ಟೂ ಸ್ಟ್ರೋಕ್ ಬೈಕೊಂದು ಹಾದುಹೋಯಿತು. ಪೆಟ್ರೋಲಿನ ಜೊತೆ ಆಯಿಲ್ ಸುಟ್ಟ ಆ ನೀಲಿ ಹೊಗೆಯ ವಾಸನೆ ಈಗ ಅಪರೂಪ. ಅದು ಚದುರುವ ತನಕ ಅಲ್ಲೇ ನಿಂತಿದ್ದೆ. ಹೊನ್ನಾವರದ ಗ್ಯಾರೇಜಿನವರು ನೆನಪಾದರು.

ಅವರನ್ನು ಎಲ್ಲರೂ ಅಂಪೈರ್ ಎಂದೇ ಕರೆಯುತ್ತಿದ್ದರು. ಕ್ರಿಕೆಟಿಗೂ ಅವರಿಗೂ ಸಂಬಂಧವಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಧಾರೇಶ್ವರದ ಕಡೆ, ಕೊಯ್ಲು ಮುಗಿದ ಗದ್ದೆಗಳಲ್ಲಿ, ಯುವಕರ ಸಂಘವೊಂದು ಬೈಕ್ ರೇಸ್ ನಡೆಸುತ್ತಿತ್ತು. ತೀರ್ಪು ಹೇಳಲು ಇವರನ್ನು ಕರೆಯುತ್ತಿದ್ದರು. ಆಟದಲ್ಲಿ ತೀರ್ಪು ಹೇಳುವವನಿಗೆ ನಮ್ಮ ಕಡೆ ಗೊತ್ತಿದ್ದ ಹೆಸರು ಅದೊಂದೇ. ನಾನು ಆಗ ದಿನಪತ್ರಿಕೆಯೊಂದರ ತಾಲೂಕು ವರದಿಗಾರ.

ಚಿಕ್ಕ ವಯಸ್ಸಿನಲ್ಲಿ ಪುಣೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ಅವರು ಅಲ್ಲಿನ ಮಣ್ಣಿನ ರೇಸುಗಳನ್ನು ಕಂಡಿದ್ದರು. ನಿಯಮಗಳು ಅಲ್ಲಿಂದ ಬಂದವು. ರೇಸಿನ ಬೆಳಿಗ್ಗೆ ಸವಾರರನ್ನೆಲ್ಲ ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ಕೂರಿಸಿ, ಎರಡು ಸ್ಪ್ಯಾನರುಗಳನ್ನು ನೆಲದ ಮೇಲೆ ಒಂದರ ಹಿಂದೊಂದು ಇಟ್ಟು ವಿವರಿಸುತ್ತಿದ್ದರು.

"ಮುಂದಿದ್ದವಂಗೆ ಒಂದು ಬಾಜು ಆಯ್ಕಣೂಕೆ ಹಕ್ಕು ಅದೆ. ಎಡಕ್ಕಾರೂ ಹೋಗ್ಲಿ, ಬಲಕ್ಕಾರೂ ಹೋಗ್ಲಿ. ಒಂದೇ ಸಲ. ಹಿಂದಿದ್ದವ ಇನ್ನೊಂದು ಬಾಜಿಗೆ ಬಂದ ಅಂತ ಅಲ್ಲಿಗೂ ಹೋದ್ರೆ ಅದು ಅಡ್ಡ. ಅಡ್ಡ ಅಂದ್ರೆ ಔಟ್."

"ಈ ರೂಲು ಹೈವೇ ಟೆಂಪೋದವರಿಗೂ ಒಂದ್ಸಲ ಹೇಳಿ ಅಂಪೈರೇ," ಎಂದು ಯಾರೋ ಅಂದರು.

"ಅವ್ರಿಗೆ ಹೇಳೂಕೆ ಪೊಲೀಸರಿದಾರೆ. ನೀ ಮೊದ್ಲು ನಿನ್ನ ಬ್ರೇಕ್ ಸರಿ ಮಾಡ್ಕ."

ಮೂರನೆಯ ವರ್ಷದ ಕೊನೆಯ ಸುತ್ತಿನಲ್ಲಿ ಮುಂದಿದ್ದವನು ಅವರ ಸ್ವಂತ ತಮ್ಮ. ಅವನ ಬೆನ್ನಿಗೇ ಇದ್ದವನು ತೆಂಗಿನಗುಂಡಿಯ ಮೀನಿನ ಗಾಡಿಯ ಚಾಲಕ. ನಾನು ಕೊನೆಯ ತಿರುವಿನ ಹತ್ತಿರ ನಿಂತಿದ್ದೆ. ತಿರುವಿಗೆ ಮೊದಲೇ ತಮ್ಮ ಎಡದಿಂದ ಬಲಕ್ಕೆ ಬಂದ. ಅಲ್ಲೇ ಉಳಿದ. ಹಿಂದಿನವನು ಅವನಿಗೂ ಹಾಳಿಗೂ ನಡುವೆ ಉಳಿದಿದ್ದ ಸಣ್ಣ ಜಾಗದಲ್ಲಿ ನುಗ್ಗಲು ನೋಡಿದ. ಮುಂದಿನ ಚಕ್ರ ಹಾಳಿಗೆ ಬಡಿಯಿತು. ಬೈಕು ಅವನ ಮೊಣಕಾಲಿನ ಮೇಲೆ ಬಿತ್ತು. ಆ ಕಾಲು ಮತ್ತೆ ಪೂರ್ತಿ ಮಡಚಲು ಬರಲಿಲ್ಲ ಎಂದು ಆಮೇಲೆ ಕೇಳಿದೆ.

ಅವನನ್ನು ಜೀಪಿನಲ್ಲಿ ಕುಮಟಾ ಆಸ್ಪತ್ರೆಗೆ ಸಾಗಿಸಿದರು. ಗದ್ದೆಯಲ್ಲಿ ಎರಡು ಗುಂಪುಗಳಾದವು. ತಮ್ಮ ಬೇಕೆಂದೇ ಬೀಳಿಸಿದ ಎಂದು ಒಂದು ಗುಂಪು, ಇಲ್ಲವೆಂದು ಇನ್ನೊಂದು. ಅಂಪೈರ್ ಗುರಿಯ ಗೆರೆಯಿಂದ ನಡೆದು ನನ್ನ ಹತ್ತಿರ ಬಂದರು.

"ಪೇಪರಿನವ್ರೇ, ನೀವು ಇಲ್ಲೇ ಇದ್ರಲ್ಲ. ಎಷ್ಟು ಸಲ?"

"ನಾನು ಬರೆಯೋನು. ಹೇಳೂದು ನಿಮ್ಮ ಕೆಲಸ," ಎಂದೆ.

ವರದಿಗಾರ ಸುದ್ದಿಯೊಳಗೆ ಕಾಲಿಡಬಾರದು ಎಂದು ನನಗೆ ಕಲಿಸಿದ್ದರು. ನಾನು ಅದನ್ನು ಪಾಲಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಹೋಗಿ ಮೈಕು ಹಿಡಿದರು.

"ಎರಡು ಸಲ. ಅಡ್ಡ."

ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಒಂದು' ಎಂದಿತ್ತು. ವರದಿಯಲ್ಲಿ, ಅಡ್ಡಗಟ್ಟಿ ಓಡಿಸಿದ ಕಾರಣ ತೀರ್ಪುಗಾರರು ಮೊದಲಿಗನನ್ನು ಅನರ್ಹಗೊಳಿಸಿದರು ಎಂದು ಬರೆದೆ. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗುವಂತಿರಲಿಲ್ಲ. ಅವರು ಹೇಳಿದ್ದು ಹಾಗೆಯೇ...

ಪತ್ರಿಕೆಯ ಆ 'ಅಡ್ಡ' ಪೇಟೆಯ ಬಾಯಿಗೆ ಬಂತು. ಹೊನ್ನಾವರ ಬಸ್ ನಿಲ್ದಾಣದಲ್ಲಿ ತಮ್ಮ ಕಂಡರೆ, "ಅಡ್ಡದವ ಬಂದ, ದಾರಿ ಬಿಡಿ," ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ. ಆಮೇಲೆ ಅದೇ ಅವನ ಹೆಸರಾಯಿತು. ಹೆಣ್ಣು ನೋಡಲು ಹೋದ ಮನೆಯಲ್ಲಿಯೂ ಒಬ್ಬರು, ಒಬ್ಬನ ಕಾಲು ಮುರಿದ ಅಡ್ಡದವ ನೀನೇನಾ ಎಂದು ಕೇಳಿದರಂತೆ. ಅವನು ಅಣ್ಣನ ಗ್ಯಾರೇಜಿನ ಕೆಲಸ ಬಿಟ್ಟು ಭಟ್ಕಳಕ್ಕೆ ಹೋದ. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಮುಂದಿನ ವರ್ಷ ರೇಸೂ ನಡೆಯಲಿಲ್ಲ.

ಎರಡು ಮೂರು ವರ್ಷಗಳ ಮೇಲೆ ನನ್ನ ಸ್ಕೂಟರಿನ ಕ್ಲಚ್ ಕೇಬಲ್ ಹಾಕಿಸಲು ಅವರ ಗ್ಯಾರೇಜಿಗೆ ಹೋಗಿದ್ದೆ. ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ. ಅವರು ಕೇಬಲ್ ಎಳೆಯುತ್ತಾ, ತಲೆ ಎತ್ತದೆ ಹೇಳಿದರು.

"ಅವತ್ತು ಧೂಳು. ಅವ ಬಲಕ್ಕೆ ಬಂದದ್ದು ಕಂಡಿತ್ತು. ಮತ್ತೆ ಎಂತದೂ ಕಾಣ್ಲಿಲ್ಲ. ಒಂದು ಅಂದಿದ್ರೆ ತಮ್ಮನ್ನ ಉಳಿಸ್ಕಂಡ ಅಂತಿದ್ರು."

ಕೇಬಲಿನ ತುದಿ ಸಿಕ್ಕಿಸಿ ಮತ್ತೆ ಕೇಳಿದರು.

"ನಾ ಹೇಳಿದ್ದು ಸರಿ ಇತ್ತಲ್ಲ, ಪೇಪರಿನವ್ರೇ? ಎರಡು ಸಲ ಹೋಗಿದ್ದ ಅಲ್ಲ ಅವ?"

ಸುದ್ದಿ ಅಚ್ಚಾಗಿ ವರ್ಷಗಳಾಗಿದ್ದವು. ನಾನು ಸ್ಕೂಟರಿನ ಹ್ಯಾಂಡಲ್ ಹಿಡಿದು, ಕ್ಲಚ್ ಸ್ವಲ್ಪ ಬಿಗಿಯಾಯಿತು ಎಂದೆ. ಅವರು ನಟ್ಟು ಸಡಿಲಿಸಿಕೊಟ್ಟರು. ನನ್ನ ಮೌನವನ್ನು ಹೌದು ಎಂದು ತಿಳಿದರೋ, ಬೇರೇನಾದರೂ ತಿಳಿದರೋ... ಮತ್ತೆ ಆ ಮಾತು ತೆಗೆಯಲಿಲ್ಲ. ಕೆಲವು ವರ್ಷಗಳಲ್ಲಿ ತೀರಿಕೊಂಡರು. ಅಣ್ಣನ ಮಣ್ಣಿಗೆ ತಮ್ಮ ಬಂದಿದ್ದ. ದೂರ ನಿಂತು ಹೋದ.

ಆ ಹೊಗೆ ಕಂಡ ಮರುದಿನ ಭಟ್ಕಳಕ್ಕೆ ಹೋದೆ. ತಮ್ಮ ಈಗ ಶಾಲೆಯೊಂದರ ಮಕ್ಕಳ ವ್ಯಾನ್ ಓಡಿಸುತ್ತಾನೆ. ತಲೆ ನರೆತಿದೆ. ಶಾಲೆಯ ಗೇಟಿನ ಹೊರಗೆ, ವ್ಯಾನಿನ ನೆರಳಿನಲ್ಲಿ ಕೂತಿದ್ದ. ನಾನು ಯಾರೆಂದು ಹೇಳಿದೆ. ಕಂಡದ್ದನ್ನು ಹೇಳಿದೆ. ನೀನು ಒಂದೇ ಸಲ ಬಾಜು ಬದಲಿಸಿದ್ದು, ಹತ್ತಿರದಿಂದ ನೋಡಿದ್ದೇನೆ ಎಂದೆ.

"ನಂಗೆ ಗೊತ್ತಿಲ್ವಾ? ನಾನೇ ಓಡಿಸಿದ್ದಲ್ಲ," ಎಂದ. ಸಿಟ್ಟಿರಲಿಲ್ಲ. ಆಮೇಲೆ ಕೇಳಿದ: "ಅಣ್ಣಂಗೆ ಹೇಳಿದ್ರಾ ಇದನ್ನ?"

"ಇಲ್ಲ."

"ಅವ ನಿಮ್ಮತ್ರ ಕೇಳೇ ಇಲ್ವಾ?"

"ಕೇಳಿದ್ರು," ಎಂದೆ. "ಎರಡು ಸಲ."

ಅವನು ನನ್ನ ಮುಖ ನೋಡಿದ. ಶಾಲೆಯ ಗಂಟೆ ಹೊಡೆಯಿತು. ಎದ್ದು ಹೋಗಿ ವ್ಯಾನಿನ ಬಾಗಿಲು ತೆರೆದು, ಮಕ್ಕಳು ಹತ್ತಲು ಜಾಗ ಬಿಟ್ಟು ನಿಂತ.